ಸಪ್ಪಳಿಲ್ಲದ ಕಾಲು

ಕಲ್ಲೋಳಿಯ ಕಬ್ಬಿನ ಹೊಲದಲ್ಲಿ ರಾಚಪ್ಪನ ಮೈಯಿಂದ ರಕ್ತ ಹರಿದುಹೋಗುತ್ತಿತ್ತು, ಅದನ್ನು ನಿಲ್ಲಿಸಬಲ್ಲ ಡಾಕ್ಟರು ಮೂರು ಹರದಾರಿ ಆಚೆ ಗೋಕಾಕದಲ್ಲಿದ್ದರು, ನಡುವಿನ ದಾರಿಯಲ್ಲಿ ಓಡುತ್ತಿದ್ದವನು ಬೀರಸಿದ್ದಪ್ಪ. ಇದಕ್ಕಿಂತ ಚೆಂದದ ಹೊತ್ತನ್ನು ದೇವರು ತನಗೆ ತಂದುಕೊಡಲಾರ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ. ಬಾಯಿ ಮುಚ್ಚಿತ್ತು. ಉಸಿರು ಮೂಗಿನಿಂದ ಒಳಗೆ ಹೋಗಿ ಹೊಟ್ಟೆಯ ತಳ ಮುಟ್ಟಿ ಹೊರಗೆ ಬರುತ್ತಿತ್ತು. ಹೆಜ್ಜೆ ಚಿಕ್ಕದು, ಕಾಲು ಮುಂದೆ ಚಾಚಿ ಬೀಳುತ್ತಿರಲಿಲ್ಲ, ಹೊಟ್ಟೆಯ ಕೆಳಗೇ ಬಿದ್ದು ಅಲ್ಲಿಂದಲೇ ಏಳುತ್ತಿತ್ತು. ಹಿಮ್ಮಡಕ್ಕೆ ಕೆಲಸವೇ ಇಲ್ಲ. ಹೆಗಲು ಇಳಿಬಿದ್ದಿದ್ದವು, ಬೆರಳುಗಳು ಕೋಳಿಮರಿ ಹಿಡಿದ ಹಾಗೆ ಸಡಿಲವಾಗಿದ್ದವು. ಧುಪದಾಳದ ಒಡ್ಡಿನಿಂದ ಬಂದ ಕಾಲುವೆ ಪಕ್ಕಕ್ಕೇ ಹರಿಯುತ್ತಿತ್ತು, ಅದರ ದಂಡೆಯ ಮೇಲೆ ಕೂತ ಬೆಳ್ಳಕ್ಕಿ ಅವನು ತೀರ ಹತ್ತಿರ ಬಂದರೂ ಹಾರಲಿಲ್ಲ. ಹೋದ ಮೇಲೂ ಒಂದು ಸಲ ಕತ್ತು ತಿರುಗಿಸಿ ನೋಡಿತು, ಅಷ್ಟೆ.

ಆಗಿದ್ದು ಇಷ್ಟು. ರಾಚಪ್ಪನ ಹೊಲದಲ್ಲಿ ಗಾಣ ಹೂಡಿದ್ದರು. ಪಕ್ಕದ ಹೊಲದಲ್ಲಿ ಬೀರಸಿದ್ದಪ್ಪ ಗೊಬ್ಬರಕ್ಕೆಂದು ಕುರಿ ತರುಬಿದ್ದ. ರಾಚಪ್ಪ ಕಾಳಿನ ವ್ಯಾಪಾರಿ, ಉಳ್ಳವನು, ಊರಿಗೆಲ್ಲ ನಗೆಗಾರ. ಆಳು ಲಗಮಣ್ಣನನ್ನು ಆಚೆ ಸರಿಸಿ, "ಕಬ್ಬ ಹಿಂಗ ಕೊಡಬೇಕಲೇ" ಎಂದು ತಾನೇ ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದವನಿಗೆ ಬೇಲಿಯಾಚೆ ಬೀರಸಿದ್ದಪ್ಪ ಕಂಡ. ಕಂಡರೆ ಅವನಿಗೆ ಸುಮ್ಮನಿರಲಾಗದು. "ಏನೋ ಬೀರಸಿದ್ದ, ಇವತ್ತ ಯಾ ನಾಯಿ ಬೆನ್ನ ಹತ್ತೇತೋ?" ಕೇಳುವಾಗ ಕತ್ತು ಇತ್ತ ತಿರುಗಿತ್ತು, ಕೈ ಅತ್ತ ಕಬ್ಬಿನ ಸಂಗಡ ಉಕ್ಕಿನ ಉರುಳೆಗಳ ನಡುವೆ ಹೋಯಿತು. ನಗಲಿಕ್ಕೆ ತೆರೆದ ಆಳುಗಳ ಬಾಯಿ ತೆರೆದೇ ಇದ್ದವು. ಲಗಮಣ್ಣ ಎತ್ತುಗಳನ್ನು ಹಿಂದಕ್ಕೆ ನೂಕಿ ಕೈ ಬಿಡಿಸಿದ. ಅದನ್ನು ಕೈ ಅನ್ನುವ ಹಾಗೆ ಉಳಿದಿರಲಿಲ್ಲ. ಧೋತರ ಹರಿದು ಸುತ್ತಿದರು, ಅರಿಷಿಣ ಮೆತ್ತಿದರು, ಮೊಣಕೈ ಮೇಲೆ ಹಗ್ಗ ಬಿಗಿದರು. ರಕ್ತ ಯಾವುದಕ್ಕೂ ಅಂಜಲಿಲ್ಲ. ಚಕ್ಕಡಿಯಲ್ಲಿ ಒಯ್ದರೆ ಕುಲುಕಾಟಕ್ಕೇ ಹೋಗಿಬಿಡುತ್ತಾನೆ, ಡಾಕ್ಟರೇ ಟಾಂಗಾದಲ್ಲಿ ಬರಬೇಕು ಎಂದರು. ಬುತ್ತಿ ಹೊತ್ತು ಬಂದಿದ್ದ ರಾಚಪ್ಪನ ಹೆಂಡತಿ ಗೌರವ್ವ ಬುಟ್ಟಿ ಒಗೆದು, ಬೇಲಿಯ ಮುಳ್ಳಿನಲ್ಲಿ ಸೀರೆ ಹರಿಸಿಕೊಂಡು ದಾಟಿ ಬಂದು, ಕುರುಬನ ಎರಡೂ ಕಾಲು ಹಿಡಿದಳು. "ಯಪ್ಪಾ, ನಿನ್ನಂಗ ಓಡಾವ್ರು ಈ ಸೀಮ್ಯಾಗ ಯಾರದಾರೋ? ಹೋಗೋ. ನನ್ನ ಕುಂಕುಮಾ ಉಳಸೋ." ಆಗ ಬೀರಸಿದ್ದಪ್ಪ ಹೆಗಲ ಕಂಬಳಿ ತೆಗೆದು ಬೇಲಿಯ ಮೇಲೆ ಹಾಕಿ ಹೊರಟಿದ್ದ.

ಹೊರಟಾಗ ಮನಸ್ಸಿನಲ್ಲಿ ಒಂದೇ ಇತ್ತು, ಇವನನ್ನು ಉಳಿಸಬೇಕು. ಸಾಯಲಿಕ್ಕೆ ಬಿಟ್ಟರೆ ಸೇಡು ಒಂದೇ ದಿನದ್ದು. ಉಳಿಸಿದರೆ ಬದುಕಿನುದ್ದಕ್ಕೂ ತಿನ್ನಬಹುದು. ನಾಳೆಯಿಂದ ರಾಚಪ್ಪ ಎಡಗೈಯಿಂದ ಉಣ್ಣುವಾಗಲೆಲ್ಲ, ಪಂಕ್ತಿಯಲ್ಲಿ ಕೂತು ಸಂಕೋಚದಿಂದ ಅತ್ತಿತ್ತ ನೋಡುವಾಗಲೆಲ್ಲ, ಬೀರಸಿದ್ದನ ಓಟದಿಂದ ನಾನು ಬದುಕಿದೆ ಅಂತ ನೆನೆಯಬೇಕು. ಬಾಯಿ ಬಿಟ್ಟು ಹೇಳುವುದು ಬೇಡ, ನೆನೆದರೆ ಸಾಕು. ಬೀರಸಿದ್ದಪ್ಪ ದಿನಾ ಅವನ ಅಂಗಡಿಯ ಮುಂದೆ ಹಾದುಹೋಗುತ್ತಾನೆ. ಓಡುವುದಿಲ್ಲ, ಸಾವಕಾಶ ನಡೆದು ಹೋಗುತ್ತಾನೆ. "ಆರಾಮದೀರಿಲ್ರಿ ಸಾವಕಾರ್ರ?" ಅಂತ ಕೇಳುತ್ತಾನೆ. ಅದನ್ನು ಕಣ್ಣ ಮುಂದೆ ತಂದುಕೊಂಡಾಗ ಬೀರಸಿದ್ದಪ್ಪನ ದವಡೆ ಬಿಗಿಯಿತು, ಅದರ ಹಿಂದೆಯೇ ಹೆಗಲು ಏರಿದವು. ಓಟ ಕಲಿಸಿದ ಚಿಗವ್ವ ಇಲ್ಲಿ ಇದ್ದಿದ್ದರೆ ಬೈಯುತ್ತಿದ್ದಳು. ಅವನು ದವಡೆ ಸಡಿಲಿಸಿದ, ನಾಲಿಗೆ ಇಳಿಬಿಟ್ಟ, ಹೆಗಲು ತಾವಾಗೇ ಕೆಳಗೆ ಬಂದವು.

ಅಂದೂ, ನಾಲ್ಕು ವರ್ಷದ ಹಿಂದೆ, ಇದೇ ದಾರಿಗೆ ಬರಬೇಕಾಗಿತ್ತು. ಕಲ್ಲೋಳಿಯನ್ನು ದಾಟಲೇ ಇಲ್ಲ. ಊರಾಚೆ ಮಡ್ಡಿ ದಿಬ್ಬದ ಮೇಲೆ ಕುರಿಹಟ್ಟಿಯಲ್ಲಿ ಅವನ ಹೆಂಡತಿ ಶೆಟ್ಟೆವ್ವ ಹೆರಿಗೆಯ ಬೇನೆ ತಿನ್ನುತ್ತಿದ್ದಳು, ಕೂಸು ಅಡ್ಡ ತಿರುಗಿತ್ತು, ಸೂಲಗಿತ್ತಿ ಕೈ ತೊಳೆದುಕೊಂಡು "ಗೋಕಾಕಕ್ಕ ಒಯ್ರಿ, ನನ್ನ ಕೈ ಮೀರೈತಿ" ಎಂದಿದ್ದಳು. ಮೆತ್ತನೆ ಹಾಸಿಗೆಯ ದಮಣಿ ಗಾಡಿ ಇದ್ದದ್ದು ರಾಚಪ್ಪನ ಮನೆಯಲ್ಲಿ ಮಾತ್ರ. ಬೀರಸಿದ್ದಪ್ಪ ಓಡಿದ. ಅದನ್ನು ಓಟ ಅನ್ನುವುದಾದರೆ. ಕಾಲಲ್ಲಿ ಮೂರು ಪದರ ತೊಗಲಿನ ಕೆರ, ಒಂದೊಂದು ಹೆಜ್ಜೆಯೂ ಮಾರುದ್ದ ಮುಂದೆ ಬಿದ್ದು ಹಿಮ್ಮಡ ನೆಲಕ್ಕೆ ಧಡ್ಡನೆ ಗುದ್ದುತ್ತಿತ್ತು, ಗುದ್ದು ತಲೆಬುರುಡೆಯವರೆಗೆ ಏರುತ್ತಿತ್ತು. ಮುಷ್ಟಿ ಬಿಗಿದಿದ್ದ, ಕೈ ಎದೆಯ ಅಡ್ಡಕ್ಕೆ ಬೀಸುತ್ತಿದ್ದ, ಬಾಯಿ ಬಾವಿಯಷ್ಟು ತೆರೆದಿದ್ದ. ಜೋರಾಗಿ ಬಡಿದರೆ ಜೋರಾಗಿ ಹೋಗುತ್ತೇನೆ ಅಂದುಕೊಂಡಿದ್ದ ಹುಚ್ಚ. ಪಕ್ಕೆ ಹಿಡಿಯಿತು. ಒಂದು ಕೈಯಿಂದ ಪಕ್ಕೆ ಅವುಚಿಕೊಂಡು, ಇನ್ನೊಂದು ಕೈಯಿಂದ ಗಾಳಿ ಈಸುತ್ತ ರಾಚಪ್ಪನ ಕಟ್ಟೆಯ ಮುಂದೆ ಬಂದು ನಿಂತಾಗ ಎದೆಯಲ್ಲಿ ಮಾತಿನಷ್ಟು ಉಸಿರೂ ಉಳಿದಿರಲಿಲ್ಲ.

ಕಟ್ಟೆಯ ಮೇಲೆ ನಾಲ್ಕು ಮಂದಿ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಬೀರಸಿದ್ದಪ್ಪ ಮೊಣಕಾಲ ಮೇಲೆ ಕೈಯೂರಿ ಬಾಯಿ ತೆರೆದ, ಮುಚ್ಚಿದ, ತೆರೆದ. ಬಂದದ್ದು ಬೆಳಿಗ್ಗೆ ಉಂಡ ಅಂಬಲಿ. ರಾಚಪ್ಪ ಕಾಲು ಮೇಲಕ್ಕೆತ್ತಿಕೊಂಡು, "ನಾಯಿ ಬೆನ್ನ ಹತ್ತಿತ್ತೇನೋ?" ಎಂದ. ನಾಲ್ವರೂ ನಕ್ಕರು. "ಶೆ" ಎಂದ ಬೀರಸಿದ್ದಪ್ಪ. ಹೆಂಡತಿಯ ಹೆಸರಿನ ಮೊದಲ ಅಕ್ಷರ ಮಾತ್ರ ಹೊರಬಂತು. "ಶೆ ಅಂದ್ರ? ಶೆಟ್ಟೇನೋ? ಶೇಂಗಾನೋ?" ಮತ್ತೆ ನಗೆ. ಆಮೇಲೆ ರಾಚಪ್ಪ ಕಟ್ಟೆಯಿಂದ ಇಳಿದು, ಹೆಗಲ ಮೇಲೆ ಕೈಯಿಟ್ಟು, "ಕೂಡೋ ಮದ್ಲ. ನೀರ ಕುಡಿ. ಆಮ್ಯಾಲ ಹೇಳುವಂತಿ" ಎಂದು ಒತ್ತಿ ಕೂಡಿಸಿದ. ಆ ಕೈಯಲ್ಲಿ ಕೆಟ್ಟತನವಿರಲಿಲ್ಲ. ಕೆಟ್ಟತನವಾದರೂ ಇದ್ದಿದ್ದರೆ ಹಗೆ ಸಲೀಸಾಗುತ್ತಿತ್ತು.

ಮತ್ತು ಅವನು ಕೂತಿದ್ದ. ಹಟ್ಟಿಯಿಂದ ಹಟ್ಟಿಗೆ ತಿರುಗುವ ಜನಕ್ಕೆ ಒಂದು ಕಟ್ಟಳೆಯಿದೆ: ಸಾವಿನದೋ ಅಪಾಯದ್ದೋ ಸುದ್ದಿ ತಂದವನು ಕೂಡಬಾರದು, ನೀರು ಮುಟ್ಟಬಾರದು, ಕೇಳಿದವರು ಎದ್ದು ಹೊರಡುವವರೆಗೆ ಹೊಸ್ತಿಲ ಹೊರಗೆ ನಿಂತೇ ಇರಬೇಕು. ಅವನು ನಿಂತದ್ದು ನೋಡಿಯೇ ಮನೆಯವರು ಕಂಬಳಿ ಹೆಗಲಿಗೆ ಹಾಕುತ್ತಾರೆ. ಕೂತನೋ, ಅವಸರವಿಲ್ಲ ಅಂತ ಅರ್ಥ, ಒಲೆಯ ಮೇಲಿನದು ಇಳಿಯುವವರೆಗೆ ಯಾರೂ ಏಳುವುದಿಲ್ಲ. ಕೂಸಿದ್ದಾಗಿನಿಂದ ಗೊತ್ತಿದ್ದದ್ದು. ಆದರೂ ಒತ್ತಿದ ಕೈಗೆ ಮಣಿದು ಕೂತ. ತಂಬಿಗೆ ಬಾಯಿಗೆ ಬಂತು, ಕುಡಿದ. ನೀರು ತಂಪಾಗಿತ್ತು. ಸುಖವೆನಿಸಿತು. ಅಷ್ಟು ಸಣ್ಣ ಸುಖವನ್ನು ನಾಲ್ಕು ವರ್ಷವಾದರೂ ಅವನು ತನಗೆ ಮಾಫಿ ಮಾಡಿಲ್ಲ. ಮಾತು ಬಂದು, ದಮಣಿ ಹೂಡಿ, ಮಡ್ಡಿ ಹತ್ತಿದಾಗ ಹಟ್ಟಿಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಈಗ ಬೀರಸಿದ್ದಪ್ಪ ಕಾಲುವೆ ಬಿಟ್ಟು ಎರೆಯ ದಾರಿಗೆ ಇಳಿದ. ಗಾಲಿಯ ಕೊರಕಲು, ಒಣಗಿದ ಹೆಂಟೆ. ಕಣ್ಣು ಕಾಲ ಮೇಲಿಟ್ಟರೆ ಎಡವುತ್ತಾರೆ. ಕಣ್ಣು ದೂರದ ಬನ್ನಿಮರದ ಮೇಲಿರಲಿ, ಕಾಲು ತನ್ನ ಜಾಗ ತಾನು ಹುಡುಕಿಕೊಳ್ಳುತ್ತದೆ. ತಾನು ಬೇಕೆಂದೇ ನಿಧಾನ ಮಾಡುತ್ತಿದ್ದೇನೆಯೇ ಎಂದು ಒಂದು ಸಲ ಒಳಗೆ ಕೈ ಹಾಕಿ ನೋಡಿಕೊಂಡ. ಇಲ್ಲ. ಇದಕ್ಕಿಂತ ಜೋರು ಹೋದರೆ ಹೊಳೆಯ ಹತ್ತಿರ ಕುಸಿಯುತ್ತೇನೆ, ಕುಸಿದವನು ಯಾರಿಗೂ ಬೇಡ. ಯಾವ ದೇವರ ಮುಂದೆ ಬೇಕಾದರೂ ಭಂಡಾರ ಮುಟ್ಟಿ ಹೇಳುತ್ತೇನೆ, ಇದು ನನ್ನ ಪೂರಾ ಓಟ. ಹೇಳಿಕೊಂಡ ಮೇಲೆ, ಯಾರೂ ಕೇಳದೆ ಯಾಕೆ ಹೇಳಿಕೊಂಡೆ ಎಂದು ಅನ್ನಿಸಿತು.

ಶೆಟ್ಟೆವ್ವನ ಮಣ್ಣಿಗೆ ರಾಚಪ್ಪ ಬಂದಿದ್ದ. ಹಸಿರು ಸೀರೆ ತಂದಿದ್ದ, ಒಳ್ಳೆಯ ಇಳಕಲ್ಲು. ಕಣ್ಣಲ್ಲಿ ನೀರು ಕೂಡ ತಂದಿದ್ದ. ವರ್ಷ ತಿರುಗಲಿಲ್ಲ, ಕಾರಹುಣ್ಣಿಮೆಯ ದಿನ ಊರ ಅಗಸೆ ಬಾಗಿಲ ಮುಂದೆ ಎತ್ತು ಓಡಿಸುವುದಕ್ಕೆ ಜನ ಕೂಡಿದಾಗ, ಹೊತ್ತು ಹೋಗಲಿ ಅಂತ ಅವನೊಂದು ಆಟ ತೋರಿಸಿದ. ಪಕ್ಕೆ ಅವುಚಿಕೊಂಡ, ಒಂದು ಕೈ ಗಾಳಿಗೆ ಬಿಟ್ಟ, ಹಿಮ್ಮಡ ಧಡ್ ಧಡ್ ಎಂದು ಗುದ್ದುತ್ತ ನಾಲಿಗೆ ಹೊರಹಾಕಿ ಓಡಿ ಬಂದು, "ಶೆ... ಶೆ..." ಎಂದ. ಜನ ಬಿದ್ದು ಬಿದ್ದು ನಕ್ಕರು. ರಾಚಪ್ಪನಿಗೆ ಓಟ ನೆನಪಿತ್ತು, ಓಟದ ಕಾರಣ ಮರೆತಿತ್ತು. ಅದು ಸುಳ್ಳಲ್ಲ, ನಿಜವಾಗಿ ಮರೆತಿತ್ತು. ಗುಂಪಿನಲ್ಲಿ ನಿಂತಿದ್ದ ಬೀರಸಿದ್ದಪ್ಪನನ್ನು ಕಂಡು ಅವನು ಕಣ್ಣು ಹೊಡೆದ. ಬೀರಸಿದ್ದಪ್ಪ ನಕ್ಕ. ಎಲ್ಲರ ಸಂಗಡ ತಾನೂ ನಕ್ಕ, ಹೆಂಡತಿಯ ಹೆಸರಿನ ಮೊದಲ ಅಕ್ಷರಕ್ಕೆ. ಅಂದಿನಿಂದ ಊರಲ್ಲಿ ಯಾರು ಏದುಸಿರು ಬಿಡುತ್ತ ಬಂದರೂ "ಬೀರಸಿದ್ದ ಬಂದಂಗ ಬಂದಿ" ಅನ್ನುವುದು ಗಾದೆಯಾಯಿತು. ಅದು ಮುಧೋಳ ದಾರಿಯ ಸಂತೆಗಳಿಗೂ ಹೋಯಿತು, ಮೂಡಲಗಿಯಲ್ಲಿ ಗುರುತಿಲ್ಲದವರ ಬಾಯಲ್ಲಿ ಕೇಳಿಸಿತು. ಬಾಯಿಗೆ ಬಿದ್ದ ಗಾದೆಗೆ ಹೆತ್ತವನು ಆಮೇಲೆ ಹೇಗೆ ಓಡಿದರೇನು.

ಕಾರಹುಣ್ಣಿಮೆಯ ಮರುದಿನವೇ ಅವನು ಓಡಲಿಕ್ಕೆ ಹೊರಟಿದ್ದ. ಯಾಕೆ, ಎಲ್ಲಿಗೆ, ಏನೂ ಗೊತ್ತಿರಲಿಲ್ಲ. ಮಡ್ಡಿಯ ಸುತ್ತ ಓಡುತ್ತಿದ್ದ, ಒಂದೊಂದು ಹಿಮ್ಮಡವನ್ನೂ ರಾಚಪ್ಪನ ಎದೆಯ ಮೇಲೆ ಇಡುತ್ತಿದ್ದ. ಮೊಣಕಾಲು ಊದಿದವು. ಅವನ ಚಿಗವ್ವ ಮುದಕವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಹರೆಯದಲ್ಲಿ ಕುರಿಯ ಹಿಂದೆ ಕೊಂಕಣದ ಘಟ್ಟದವರೆಗೆ ಹೋಗಿ ಬಂದವಳು, ಈಗ ಹಟ್ಟಿಯ ಬಾಗಿಲಲ್ಲಿ ಉಣ್ಣೆ ನೂಲುತ್ತ ಕೂಡುತ್ತಿದ್ದಳು. ಒಂದು ದಿನ ಕೇಳಿದಳು, "ನೆಲಾ ಯಾಕ ಬಡೀತಿಯೋ? ಅದೇನ್ ಮಾಡೇತಿ ನಿನಗ?"

"ಬಡದಂಗ ಹೆಂಗ ಓಡೂದು?"

"ಆ ಕೆರಾ ಕಳದ ಒಗಿ ಮದ್ಲ. ನಾಯಿ ಓಡೂದ ಕೇಳೀಯೇನು? ಕುರಿ ಹಿಂದ ದಿನಾ ಓಡತೈತಿ, ಅದರ ಕಾಲ ಎಂದರ ಬಾತಾವೇನು? ನೀ ಬಡದಷ್ಟೂ ನೆಲಾ ತಿರುಗಿ ನಿನ್ನ ಮೊಣಕಾಲಿಗೇ ಬಡೀತೈತಿ. ನಾ ಇಲ್ಲೇ ಕುಂಡರ್ತೀನಿ. ನೀ ಓಡಿ ಬಾ. ಸಪ್ಪಳ ಕೇಳಿದರ ಹೇಳ್ತೀನಿ."

ಹಾಗೆ ಶುರುವಾಯಿತು. ಅವನು ಮಡ್ಡಿಯ ತುದಿಯಿಂದ ಬರುತ್ತಿದ್ದ, ಅವಳು ಕದಿರು ನಿಲ್ಲಿಸಿ ಕಿವಿ ಕೊಟ್ಟು, "ಕೇಳಾಕತ್ತೇತಿ" ಅನ್ನುತ್ತಿದ್ದಳು. ಬರಿಗಾಲಿಗೆ ಕಲ್ಲು ಚುಚ್ಚಿ ಹೆಜ್ಜೆ ತಾನೇ ಚಿಕ್ಕದಾಯಿತು. ಹೆಜ್ಜೆ ಚಿಕ್ಕದಾದ ಮೇಲೆ ಕಾಲು ಹೊಟ್ಟೆಯ ಕೆಳಗೆ ಬೀಳಲಿಕ್ಕೆ ಕಲಿತವು. "ಕೇಳಾಕತ್ತೇತಿ. ಎದಿ ಮುಂದ ಹಾಕು, ಸೊಂಟಾ ಮುರೀಬ್ಯಾಡ. ಮುಷ್ಟಿ ಬಿಡು, ಯಾರನ್ ಹೊಡೀಬೇಕಾಗೇತಿ ನಿನಗ?" ಅವಳಿಗೆ ಮುಷ್ಟಿ ಕಾಣುತ್ತಿರಲಿಲ್ಲ, ಆದರೂ ಗೊತ್ತಾಗುತ್ತಿತ್ತು. "ಬಾಯಿ ಮುಚ್ಚು. ಬಾಯಿ ತಗದ ಓಡಾವಗ ಹೇಳಾಕ ಮಾತ ಉಳ್ಯಾಂಗಿಲ್ಲ." ಆ ಮಾತು ಅವನಿಗೆ ಎಲ್ಲಿ ತಾಕಿತೆಂಬುದು ಅವಳಿಗೂ ಗೊತ್ತಿತ್ತು. ಹಗೆ ಇಟ್ಟುಕೊಂಡು ಸಲೀಸಾಗಿ ಓಡಲು ಬರುವುದಿಲ್ಲ ಎಂಬುದು ಅವನಿಗೆ ನಿಧಾನ ತಿಳಿಯಿತು. ರಾಚಪ್ಪ ನೆನಪಾದ ಕೂಡಲೇ ಹೆಗಲು ಏರುತ್ತಿತ್ತು, ಹಿಮ್ಮಡ ಗುದ್ದುತ್ತಿತ್ತು. ಓಟ ಹಗುರಾದ ದಿನ ಹಗೆಯೂ ಹಗುರಾಗಿಬಿಟ್ಟೀತು ಎಂದು ಹೆದರಿ ಒಂದೊಂದು ಸಲ ಬೇಕೆಂದೇ ನೆಲ ಬಡಿಯುತ್ತಿದ್ದ. ಶೆಟ್ಟೆವ್ವನಿಗೆ ದ್ರೋಹ ಮಾಡಿದ ಹಾಗೆ ಆಗಬಾರದಲ್ಲ. ಕಡೆಗೆ ಒಂದು ಬೆಳಿಗ್ಗೆ ಅವನು ಬಂದು ಮುದಕವ್ವನ ಮುಂದೆಯೇ ನಿಂತರೂ ಅವಳು ನೂಲುತ್ತಲೇ ಇದ್ದಳು. "ಚಿಗವ್ವಾ" ಅಂದಾಗ ಬೆಚ್ಚಿ ಕದಿರು ಬಿಟ್ಟಳು. ಕೈಯಾಡಿಸಿ ಅವನ ಮುಖ ಮುಟ್ಟಿ ನೋಡಿ ಕೇಳಿದಳು, "ಸಿಟ್ಟ ಎಲ್ಲಿಟ್ಟೀಯೋ ತಮ್ಮಾ?"

ಅವನು ಅದನ್ನು ಸಪ್ಪಳ ಮಾಡದ ಜಾಗದಲ್ಲಿ ಇಟ್ಟಿದ್ದ.

ಘಟಪ್ರಭೆಯಲ್ಲಿ ಚಳಿಗಾಲದ ನೀರು, ಮೊಣಕಾಲುದ್ದ. ದಾಟುವಾಗ ಬಗ್ಗಿ ಮುಖ ತೊಳೆದುಕೊಂಡ, ಕತ್ತು ತೊಳೆದುಕೊಂಡ, ರುಮಾಲು ಬಿಚ್ಚಿ ನೆಟ್ಟಗೆ ಸುತ್ತಿಕೊಂಡ. ಅದಕ್ಕೆ ಬೇಕಾದದ್ದು ನಾಲ್ಕು ಗಳಿಗೆಯೇನಲ್ಲ. ಡಾಕ್ಟರ ಮನೆಯ ಮುಂದೆ ಮತ್ತೊಮ್ಮೆ ನಗೆಪಾಟಲಾಗಿ ನಿಲ್ಲಲಿಕ್ಕೆ ಅವನು ತಯಾರಿರಲಿಲ್ಲ. ಆಚೆ ದಡ ಹತ್ತಿ ಗೋಕಾಕದ ಪೇಟೆಯೊಳಗೆ ಹೋದ; ಕರದಂಟಿನ ಅಂಗಡಿ, ಮರದ ಆಟಿಕೆ ಹಣ್ಣಿಗೆ ಬಣ್ಣ ಬಳಿಯುತ್ತ ಕೂತವರು, ಯಾರೂ ತಲೆಯೆತ್ತಲಿಲ್ಲ. ಓಡಿಬರುವವನನ್ನು ಜನ ನೋಡುವುದು ಅವನ ಸದ್ದಿಗೆ.

ಸ್ವಂತ ಗಾಡಿ ಇದ್ದದ್ದರಿಂದ ಡಾಕ್ಟರನ್ನು ಎಲ್ಲರೂ ಟಾಂಗಾ ಡಾಕ್ಟರು ಅನ್ನುತ್ತಿದ್ದರು. ಟಾಂಗಾ ಹೂಡಿಯೇ ಇತ್ತು, ಕುದುರೆಯ ಬಾಯಿಗೆ ಹುರುಳಿಯ ಚೀಲ ಕಟ್ಟಿತ್ತು. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಡಾಕ್ಟರು ಊಟಕ್ಕೆ ಕೂತಿದ್ದರು, ಅವರ ಹೆಂಡತಿ ಬಡಿಸುತ್ತಿದ್ದರು. ಬೀರಸಿದ್ದಪ್ಪ ಹೊಸ್ತಿಲ ಹೊರಗೆ ನಿಂತ.

"ಕಲ್ಲೋಳಿಂದ ಬಂದೇನ್ರಿ. ರಾಚಪ್ಪ ಸಾವಕಾರ್ರ ಕೈ ಗಾಣದಾಗ ಸಿಕ್ಕೇತ್ರಿ. ರಕ್ತ ನಿಂದರವಲ್ದು. ಲಗೂನ ಬರಬೇಕಂತ್ರಿ."

ಒಂದು ಅಕ್ಷರ ಮುರಿಯಲಿಲ್ಲ, ಒಂದು ಕಡೆ ಉಸಿರು ತಡೆಯಲಿಲ್ಲ. ಇಷ್ಟು ಮಾತು ಅಂದು ಆಡಲಿಕ್ಕೆ ಬಂದಿದ್ದರೆ! ಎದೆ ಉಬ್ಬಿತು ಅವನಿಗೆ. ಡಾಕ್ಟರು ತುತ್ತು ನುಂಗಿ, ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಯಾತರಾಗ ಬಂದಿ?"

"ಓಡಿ ಬಂದೇನ್ರಿ."

"ಕಲ್ಲೋಳಿಂದ ಓಡಿ ಬಂದವ್ನ ಮಾರಿ ಹಿಂಗಿರ್ತೇತೇನೋ? ಹಣಿಮ್ಯಾಲ ಒಂದ ಹನಿ ಬೆವರಿಲ್ಲ, ಏದುಸಿರಿಲ್ಲ. ಯಾರದರ ಚಕ್ಕಡಿ ಹತ್ತಿ ಡುಗುಡುಗು ಬಂದಿರಬೇಕು." ಹೆಂಡತಿಯ ಕಡೆ ತಿರುಗಿ, "ಹ್ವಾದ ವಾರ ಕಾಲಾಗ ಮುಳ್ಳ ಮುರದಿದ್ದಕ್ಕ ಕರೀ ಕಳಿಸಿದ್ದ ನೋಡು, ಅವನೇ ಈ ರಾಚಪ್ಪ" ಎಂದರು.

ಆಕೆ ಬೀರಸಿದ್ದಪ್ಪನನ್ನೇ ನೋಡುತ್ತಿದ್ದರು. "ಹಂಗಲ್ರಿ. ಅವ ಹೊಸ್ತಲ ಹೊರಗ ನಿಂತ ಅದಾನ. ಕುರುಬರೊಳಗ ಕೆಟ್ಟ ಸುದ್ದಿ ತಂದವ ಕೂಡೂದಿಲ್ಲಂತ. ನಮ್ಮ ತವರಾಗ ನೋಡೇನಿ."

ಡಾಕ್ಟರ ಕೈ ಎಲೆಯ ಮೇಲೆ ತಡೆಯಿತು. ಅವರು ಕೆಟ್ಟ ಮನುಷ್ಯರಲ್ಲ. ಎಡಗೈ ನೆಲಕ್ಕೂರಿ ಏಳುವವರ ಹಾಗೆ ಮಾಡಿ, "ನಿನ್ನ ಹೆಸರೇನು?" ಎಂದರು.

"ಬೀರಸಿದ್ದಪ್ಪ್ರಿ."

"ಬೀರಸಿದ್ದ?" ಡಾಕ್ಟರ ಮುಖ ಅರಳಿತು. "ಬೀರಸಿದ್ದ ಬಂದಂಗ ಬಂದಿ ಅಂತಾರಲಾ, ಆ ಬೀರಸಿದ್ದ ನೀನ ಏನು?" ಅವರಿಗೆ ನಗು ತಡೆಯಲಾಗಲಿಲ್ಲ, ಅನ್ನ ನೆತ್ತಿಗೇರಿ ಕೆಮ್ಮಿದರು. "ಏ, ಇವನ ನೋಡ! ರಾಚಪ್ಪ ಮಾಡಿ ತೋರಸ್ತಾನಲಾ, ಪಕ್ಕಡಿ ಹಿಡಕೊಂಡು, ನಾಲಿಗಿ ಹೊರಗ ಹಾಕಿ... ಶೆ, ಶೆ, ಅನಕೋತ! ಹೊಟ್ಟಿ ಹುಣ್ಣಾಗಿತ್ತು ನಮಗ. ಖರೆನ ಅವಸರ ಇದ್ದಿದ್ದರ ನೀ ಹಂಗ ಬರತಿದ್ದಿ ಬಿಡು." ಇನ್ನೂ ನಗುತ್ತ ಅವರು ಎಡಗೈಯಿಂದ ಪಡಸಾಲೆಯ ಮೂಲೆ ತೋರಿಸಿದರು. "ಅವಸರಿಲ್ಲಂದ್ರ ಕೂಡು. ಉಂಡ ಏಳ್ತೀನಿ."

ಹೆಂಡತಿ ನಗಲಿಲ್ಲ. ಅವನ ಕಾಲನ್ನೇ ನೋಡುತ್ತಿದ್ದರು.

ನಿಂತೇ ಇದ್ದರೆ ಸಾಕಿತ್ತು. ಇನ್ನೆರಡು ಉಸಿರಿನಷ್ಟು ಹೊತ್ತು ನಿಂತಿದ್ದರೆ ಆಕೆಯೇ ಗಂಡನನ್ನು ಎಬ್ಬಿಸುತ್ತಿದ್ದರು. ಅಥವಾ ಪಕ್ಕೆ ಹಿಡಿದು, ಬಾಯಿ ತೆರೆದು, ಬಾಗಿಲಲ್ಲೇ ಕುಸಿದು ಅವರು ನೋಡಬಯಸಿದ ಬೀರಸಿದ್ದನನ್ನು ತೋರಿಸಬಹುದಿತ್ತು. ತೋರಿಸಿದರೆ ಟಾಂಗಾ ಈಗಲೇ ಹೊರಡುತ್ತಿತ್ತು. ರಾಚಪ್ಪ ಉಳಿಯಬೇಕಾದರೆ ರಾಚಪ್ಪನ ಆಟವನ್ನೇ ಆಡಬೇಕು. ಗೌರವ್ವ ಹಿಡಿದ ಕಾಲು ಇನ್ನೂ ಬೆಚ್ಚಗಿದ್ದ ಹಾಗೆ ಅನ್ನಿಸಿತು ಅವನಿಗೆ. ಆಕೆಯ ಹರಿದ ಸೀರೆ ಕಂಡಿತು. ಅದರ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತ ಹಟ್ಟಿಯ ಹೆಂಗಸರು ಕಂಡರು. ಉಳಿಸಿ ತೀರಿಸಿಕೊಳ್ಳುವ ಸೇಡು, ದಾರಿಯುದ್ದಕ್ಕೂ ಬಾಯಲ್ಲಿ ಬೆಲ್ಲದ ಹಾಗೆ ಚಪ್ಪರಿಸುತ್ತ ತಂದ ಸೇಡು, ಒಮ್ಮೆಲೇ ಬಡವರ ಸೇಡಾಗಿ ಕಂಡಿತು.

ಬೀರಸಿದ್ದಪ್ಪ ಹೊಸ್ತಿಲು ದಾಟಿದ. ಮೂಲೆಗೆ ಹೋಗಿ, ಧೋತರ ಸರಿಮಾಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತ.

ಡಾಕ್ಟರ ಹೆಂಡತಿಯ ಮುಖ ಸಡಿಲಾಯಿತು. "ಹಂಗಾರ ಅವಸರಿಲ್ಲ ಬಿಡ್ರಿ" ಎಂದು ಗಂಡನಿಗೆ ಇನ್ನೊಂದು ಸೌಟು ಅನ್ನ ಬಡಿಸಿದರು, ಮಜ್ಜಿಗೆ ಹಾಕಿದರು. ಅವನಿಗೆ, "ನೀರ ಕುಡೀತೀಯೇನಪಾ?" ಎಂದು ಕೇಳಿದರು. ಅವನು ತಲೆಯಾಡಿಸಿ ಬೊಗಸೆ ಒಡ್ಡಿದ. ಹೊರಗೆ ಕುದುರೆ ಹುರುಳಿ ಅಗಿಯುವುದು ಕೇಳಿಸುತ್ತಿತ್ತು. ಆಡಬೇಕೆಂದರೆ ಬೇಕಾದಷ್ಟು ಮಾತಿಗೆ ಬೇಕಾದಷ್ಟು ಉಸಿರು ಎದೆಯಲ್ಲಿತ್ತು. ನೀರು ಅಂದಿನಷ್ಟೇ ತಂಪಾಗಿತ್ತು. ಅವನು ಸಾವಕಾಶ ಕುಡಿದ.